ಮೇಷ್ಟ್ರ ಮನೆ ದೀಪ ಕಳುವಾದದ್ದು

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಒಂದು ಕಳ್ಳತನದ ವಿಷಯ, ನಡೆದು ಸುಮಾರು 1,900 ವರ್ಷ ಆಯ್ತು. ಎಪಿಕ್ಟೀಟಸ್ ಅಂತ ಒಬ್ಬ ಮೇಷ್ಟ್ರು, ಕೈಮೀರಿದ್ದಕ್ಕೆ ಮನಸ್ಸು ಕೆಡಿಸ್ಕೋಬೇಡ ಅನ್ನೋ ಗ್ರೀಕರ ಸ್ಟೋಯಿಕ್ ಪಂಥದವನು, ಹುಟ್ಟಿದ್ದು ಈಗಿನ ಟರ್ಕಿಯ ಹಿಯರಾಪೊಲಿಸ್‌ನಲ್ಲಿ, ರೋಮ್‌ನಲ್ಲಿ ಗುಲಾಮನಾಗಿದ್ದ, ಕಾಲು ಬೇರೆ ಕುಂಟು. ಆಮೇಲೆ ಬಿಡುಗಡೆ ಸಿಕ್ತು, ಮುಂದೆ ಡೊಮಿಷಿಯನ್ ಚಕ್ರವರ್ತಿ ತತ್ವಜ್ಞಾನಿಗಳನ್ನೆಲ್ಲ ಊರು ಬಿಡಿಸಿದ, ಇವನು ಗ್ರೀಸ್‌ನ ನಿಕೊಪೊಲಿಸ್‌ಗೆ ಹೋಗಿ ಪಾಠ ಹೇಳ್ಕೊಂಡು ಕೂತ. ತಾನಾಗಿ ಒಂದಕ್ಷರ ಬರೀಲಿಲ್ಲ, ಆರಿಯನ್ ಅನ್ನೋ ಶಿಷ್ಯ ನೋಟ್ಸ್ ಮಾಡ್ಕೊಂಡಿದ್ದಕ್ಕೆ ನಮಗೆ ಇಷ್ಟಾದ್ರೂ ಸಿಕ್ಕಿದೆ.

ಅವನ ಮನೇಲಿ ದೇವರ ಹತ್ರ ಒಂದು ಕಬ್ಬಿಣದ ದೀಪ ಇತ್ತು. ಒಂದಿನ ಕಿಟಕಿ ಕಡೆ ಸದ್ದಾಯ್ತು, ಓಡಿಹೋಗಿ ನೋಡಿದ್ರೆ ದೀಪ ಇಲ್ಲ. ಸರಿ, ನಾಳೆ ಮಣ್ಣಿಂದು ತಂದ್ರಾಯ್ತು ಅಂದ. ಇಷ್ಟೇ ಆಗಿದ್ರೆ ದೊಡ್ಡ ಮನುಷ್ಯ ಬಿಡಪ್ಪ ಅಂತ ನಾನೂ ಸುಮ್ನಾಗ್ತಿದ್ದೆ. ಆದ್ರೆ ಇನ್ನೊಂದು ಪಾಠದಲ್ಲಿ ಅದೇ ಮಾತು ಎತ್ತುತಾನೆ, ನಿದ್ದೆಗೆಡೋದ್ರಲ್ಲಿ ಕಳ್ಳ ನನಗಿಂತ ಗಟ್ಟಿಗ, ಅದಕ್ಕೇ ದೀಪ ಹೋಯ್ತು, ಆದ್ರೆ ಅವನೇನೂ ಬಿಟ್ಟಿ ಒಯ್ದಿಲ್ಲ, ಒಂದು ದೀಪಕ್ಕೋಸ್ಕರ ಕಳ್ಳನಾದ, ನಂಬಿಕೆಗೆಟ್ಟವನಾದ, ಅದೇ ಅವನು ಕೊಟ್ಟ ರೇಟು.

ಈ ರೇಟಿನ ಲೆಕ್ಕ ಇವನಿಗೆ ಬಲು ಇಷ್ಟ. ಯಾರೋ ಊಟಕ್ಕೆ ಕರೀಲಿಲ್ಲ ಅಂತ ಮುನಿಸಾ? ಲೆಟ್ಯೂಸ್ ಸೊಪ್ಪಿಗೆ ಒಂದು ಒಬಲ್, ಅಂದ್ರೆ ಗ್ರೀಕರ ಒಂದು ಪುಡಿಗಾಸು, ಅಂತಿಟ್ಕೋ, ಕಾಸು ಕೊಟ್ಟವನು ಸೊಪ್ಪು ಒಯ್ದ, ನಿನಗೆ ಸೊಪ್ಪಿಲ್ಲ ನಿಜ, ಒಬಲ್ ನಿನ್ನ ಕೈಯಲ್ಲೇ ಇದೆಯಲ್ಲ. ಆ ಊಟದ ಬೆಲೆ ಹೊಗಳಿಕೆ, ಅವರ ಮನೆ ಬಾಗಿಲು ಕಾಯೋದು. ನೀನು ಕೊಡಲಿಲ್ಲ, ಉಳೀತು.

ಹೋದ ವರ್ಷ ಒಂದು ಮದುವೆ ಛತ್ರದಲ್ಲಿ ನನ್ನ ಹೊಸ ಚಪ್ಪಲಿ ಹೋಯ್ತು, ಎರಡು ದಿನ ಮನೇಲಿ ಸಿಕ್ಕವರ ಮೇಲೆಲ್ಲ ರೇಗಾಡಿದೆ. ಚಪ್ಪಲಿಗೆ 600 ರೂಪಾಯಿ. ರೇಗಾಟದ ಬಿಲ್ಲು ಎಷ್ಟಾಯ್ತು ಅಂತ ನಮ್ಮ ಮನೆಯವರನ್ನೇ ಕೇಳಬೇಕು.

ಇನ್ನು ಆ ಮಣ್ಣಿನ ದೀಪ. ಎಪಿಕ್ಟೀಟಸ್ಸನ ಮಣ್ಣಿನ ದೀಪಾನ ಒಬ್ಬ 3,000 ಡ್ರಾಕ್ಮಾ ಕೊಟ್ಟು ಕೊಂಡ್ಕೊಂಡ ಅಂತ ಲೂಸಿಯನ್ ಅನ್ನೋ ಗ್ರೀಕ್ ಲೇಖಕ ಅಣಕಿಸ್ತಾನೆ. ಡ್ರಾಕ್ಮಾಗೆ ಆರು ಒಬಲ್, ಅಂದ್ರೆ 18,000 ಲೆಟ್ಯೂಸ್. ರಾತ್ರಿ ಆ ದೀಪದ ಬೆಳಕಲ್ಲಿ ಓದಿದ್ರೆ ನಿದ್ದೇಲೇ ಮುದುಕನ ಬುದ್ಧಿ ತನಗೆ ಬಂದ್ಬಿಡುತ್ತೆ ಅಂತ ಆ ಮಹಾರಾಯನ ಲೆಕ್ಕಾಚಾರ. ನಮಸ್ಕಾರ.