ಸಾಲ ಸಿಗುವ ದಿನ, ಕಂತು ಬರುವ ದಿನ

ಕೇಳುಗರೆಲ್ಲರಿಗೂ ನಮಸ್ಕಾರ.

ಉಗಾಂಡ ದೇಶದ ಪೂರ್ವಕ್ಕೆ, ಕೀನ್ಯಾ ಗಡಿಯ ಹತ್ತಿರ, ಟೊರೊರೊ ಅಂತ ಒಂದು ಊರಿದೆ. 2005ರಲ್ಲಿ ಅಮೆರಿಕದ ಮ್ಯಾಟ್ ಫ್ಲ್ಯಾನರಿ ಮತ್ತು ಜೆಸಿಕಾ ಜಾಕ್ಲಿ ಎಂಬ ದಂಪತಿ ಆ ಊರಿನ ಏಳು ಜನರ ವಿವರವನ್ನು ಇಂಟರ್ನೆಟ್ಟಿನಲ್ಲಿ ಹಾಕಿದರು. ಮೀನು ಮಾರುವವರು, ಆಡು ಸಾಕುವವರು, ಹೀಗೆ ಸಣ್ಣಪುಟ್ಟ ಕಸುಬಿನ ಜನ. ಗೆಳೆಯರಿಗೆ, ನೆಂಟರಿಗೆ ಇಮೇಲ್ ಬರೆದು, ಇವರಿಗೆ ದಾನ ಬೇಡ, ಸಾಲ ಕೊಡಿ ಅಂತ ಕೇಳಿದರು. ದುಡ್ಡು ಬಂತು. ಕೆಲವೇ ತಿಂಗಳಲ್ಲಿ ಏಳು ಜನರೂ ತೀರಿಸಿಬಿಟ್ಟರು. ಕೀವಾ ಎಂಬ ಸಂಸ್ಥೆ ಹುಟ್ಟಿದ್ದು ಹಾಗೆ. ಹೊರದೇಶದಲ್ಲಿರುವ ನಿಮ್ಮ ಮಗನೋ ಸೊಸೆಯೋ ಈ ಹೆಸರು ಹೇಳಿರಬಹುದು. 25 ಡಾಲರ್ ಇದ್ದರೆ ಯಾರು ಬೇಕಾದರೂ ಸಾಲ ಕೊಡಬಹುದು. ಕೊಟ್ಟವರಿಗೆ ಬಡ್ಡಿ ಇಲ್ಲ. ಅಸಲು ವಾಪಸ್ ಬಂದರೆ ಅದನ್ನೇ ಇನ್ನೊಬ್ಬರಿಗೆ ಕೊಡಬಹುದು.

ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಆ ದುಡ್ಡು ಮೀನು ಮಾರುವವಳ ಕೈಗೆ ನೇರವಾಗಿ ಹೋಗುವುದಿಲ್ಲ. ನಡುವೆ ಆ ದೇಶದ್ದೇ ಒಂದು ಸಾಲದ ಸಂಸ್ಥೆ ಇರುತ್ತದೆ. 2009ರಲ್ಲಿ ಡೇವಿಡ್ ರೂಡ್‌ಮನ್ ಎಂಬ ಸಂಶೋಧಕರು ಒಂದು ವಿಷಯ ಎತ್ತಿ ತೋರಿಸಿದರು. ಹೆಚ್ಚಿನ ಸಂದರ್ಭದಲ್ಲಿ, ನೀವು ಫೋಟೋ ನೋಡಿ ದುಡ್ಡು ಹಾಕುವ ಹೊತ್ತಿಗೆ ಆಕೆಗೆ ಸಾಲ ಸಿಕ್ಕಿಯೇ ಆಗಿರುತ್ತದೆ. ನಿಮ್ಮ ದುಡ್ಡು ಹೋಗುವುದು ಆ ಸಂಸ್ಥೆಯ ಖಾತೆ ತುಂಬಲು. ಆಗ ತುಂಬಾ ಜನ ಬೇಸರ ಮಾಡಿಕೊಂಡರು. ನನಗೇನೋ ಅದು ಅಷ್ಟು ದೊಡ್ಡ ತಪ್ಪು ಅನ್ನಿಸುವುದಿಲ್ಲ. ಎಲ್ಲೋ ಕೂತಿರುವ ನಾವು ಮನಸ್ಸು ಮಾಡುವ ತನಕ ಆಕೆ ಮೀನು ತರದೆ ಕಾಯಬೇಕಾ? ಆದರೆ ಜನ ಗಮನಿಸದೇ ಬಿಡುವ ಇನ್ನೊಂದು ಮಾತಿದೆ. ನಮಗೆ ಬಡ್ಡಿ ಬರುವುದಿಲ್ಲ ನಿಜ, ಆಕೆ ಮಾತ್ರ ಆ ಸಂಸ್ಥೆಗೆ ಬಡ್ಡಿ ಕಟ್ಟುತ್ತಾಳೆ. ಅದೂ ಬ್ಯಾಂಕಿನ ಬಡ್ಡಿಗಿಂತ ಜಾಸ್ತಿ.

ಯಾಕೆ ಜಾಸ್ತಿ? ಐದು ಸಾವಿರದ ಸಾಲಕ್ಕೂ ಐದು ಲಕ್ಷದ ಸಾಲಕ್ಕೂ ಕಾಗದ ಪತ್ರದ ಕೆಲಸ ಹೆಚ್ಚುಕಡಿಮೆ ಒಂದೇ. ಮೇಲಾಗಿ ಸಣ್ಣ ಸಾಲದಲ್ಲಿ ವಾರವಾರ ಒಬ್ಬ ಮನುಷ್ಯ ಬೈಕು ಹತ್ತಿ ಹಳ್ಳಿಗೆ ಹೋಗಿ ಕಂತು ತರಬೇಕು. ಆ ಖರ್ಚೆಲ್ಲ ಬಡ್ಡಿಯಲ್ಲೇ ಬರಬೇಕು. ಇಲ್ಲಿಯವರೆಗೆ ಒಪ್ಪೋಣ. ಆದರೆ ಇದೇ ನೆಪದಲ್ಲಿ ಎಲ್ಲಿಗೆ ಹೋಗಿ ಮುಟ್ಟಬಹುದು ಅನ್ನುವುದಕ್ಕೆ ಮೆಕ್ಸಿಕೋದ ಕಂಪಾರ್ತಾಮೋಸ್ ಸಾಕ್ಷಿ. 1990ರಲ್ಲಿ ಸೇವಾ ಸಂಸ್ಥೆಯಾಗಿ, ದಾನಿಗಳ ದುಡ್ಡಿನಲ್ಲಿ ಶುರುವಾದದ್ದು ಅದು. 2007ರಲ್ಲಿ ಷೇರು ಮಾರುಕಟ್ಟೆಗೆ ಬರುವ ಹೊತ್ತಿಗೆ ಬಡವರಿಂದ ವರ್ಷಕ್ಕೆ ನೂರಕ್ಕೆ 80ಕ್ಕಿಂತ ಹೆಚ್ಚು ಬಡ್ಡಿ ತೆಗೆದುಕೊಳ್ಳುತ್ತಿತ್ತು.

ಈ ದಾರಿ ಶುರುವಾದದ್ದು ಬೇರೆ ಆಸೆಯಿಂದ. 1974ರಲ್ಲಿ ಬಾಂಗ್ಲಾದೇಶದಲ್ಲಿ ಕ್ಷಾಮ. ಚಿತ್ತಗಾಂಗ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಮುಹಮ್ಮದ್ ಯೂನುಸ್ ಅವರು ಪಕ್ಕದ ಜೋಬ್ರಾ ಹಳ್ಳಿಯಲ್ಲಿ ಓಡಾಡತೊಡಗಿದರು. ಅಲ್ಲಿ ಬಿದಿರಿನ ಸ್ಟೂಲು ಹೆಣೆಯುವ ಹೆಂಗಸರಿದ್ದರು. ಬಿದಿರಿಗೆ ದುಡ್ಡು ಕೊಡುವವನೂ ವ್ಯಾಪಾರಿಯೇ, ಹೆಣೆದದ್ದಕ್ಕೆ ಬೆಲೆ ಕಟ್ಟುವವನೂ ಅವನೇ. ಇಂಥ ಸಾಲದಲ್ಲಿ ಸಿಕ್ಕಿಕೊಂಡವರು 42 ಜನ. ಎಲ್ಲರ ಸಾಲ ಸೇರಿಸಿದರೂ 27 ಡಾಲರ್. ಯೂನುಸ್ ಅದನ್ನು ಜೇಬಿನಿಂದ ಕೊಟ್ಟರು. ಅದು 1976. ಮುಂದೆ 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು, 2006ರಲ್ಲಿ ಅವರಿಗೂ ಬ್ಯಾಂಕಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅಡಮಾನ ಇಡಲು ಚಿನ್ನವಿಲ್ಲ, ಜಮೀನಿಲ್ಲ. ಅದಕ್ಕೇ ಐದೈದು ಜನರ ಗುಂಪು. ವಾರಕ್ಕೊಮ್ಮೆ ಸೇರುವುದು, ಎಲ್ಲರ ಎದುರಿಗೆ ಕಂತು ಕಟ್ಟುವುದು.

ಈ ವಾರದ ಕಂತನ್ನು ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ಸಂಘದ ಸಾಲ ಅಂದರೆ ಸಾಕು. 2009ರಲ್ಲಿ ಕೋಲಾರ, ರಾಮನಗರದ ಕಡೆ ಬಹಳ ಮಂದಿ ಕಂತು ಕಟ್ಟುವುದನ್ನೇ ನಿಲ್ಲಿಸಿದ್ದರು. ಮರುವರ್ಷ ಆಂಧ್ರದಲ್ಲಿ ವಸೂಲಿಯ ಕಿರುಕುಳ, ಆತ್ಮಹತ್ಯೆ ಅಂತ ಆದ ಅನಾಹುತ ದೇಶಕ್ಕೆಲ್ಲ ಗೊತ್ತು. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೇ ಸುಗ್ರೀವಾಜ್ಞೆ ತಂದು, ವಸೂಲಿಗೆ ಕಿರುಕುಳ ಕೊಟ್ಟರೆ ಹತ್ತು ವರ್ಷದವರೆಗೆ ಜೈಲು ಅಂತ ಮಾಡಬೇಕಾಯಿತು.

ಹಾಗಾದರೆ ಸಣ್ಣ ಸಾಲವೇ ಕೆಟ್ಟದ್ದಾ? ಹೈದರಾಬಾದಿನಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಜೊತೆಗಾರರು 104 ಬಡ ಬಡಾವಣೆಗಳನ್ನು ಆರಿಸಿಕೊಂಡರು. ಚೀಟಿ ಎತ್ತಿದ ಹಾಗೆ ಅರ್ಧಕ್ಕೆ ಮೊದಲು ಸಾಲದ ಶಾಖೆ, ಉಳಿದರ್ಧಕ್ಕೆ ಆಮೇಲೆ. ಆಮೇಲೆ ಎರಡೂ ಕಡೆ ಹೋಲಿಸಿ ನೋಡಿದರು. ಸಾಲ ಸಿಕ್ಕ ಕಡೆ ಜನ ಅಂಗಡಿಗೆ, ಸಾಮಾನಿಗೆ ಜಾಸ್ತಿ ದುಡ್ಡು ಹಾಕಿದ್ದರು. ಚಹಾ, ತಂಬಾಕು, ಪಾನ್ ಖರ್ಚು ಇಳಿದಿತ್ತು. ಆದರೆ ಮಕ್ಕಳ ಓದಿನಲ್ಲಿ, ಮನೆಯಲ್ಲಿ ಹೆಂಗಸಿನ ಮಾತು ನಡೆಯುವುದರಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ಸಾಲ ಬರುವ ಮೊದಲೇ ವ್ಯಾಪಾರ ಇದ್ದವರಿಗೆ ಲಾಭ ಚೆನ್ನಾಗಿ ಹತ್ತಿತು. ಪವಾಡವೂ ಅಲ್ಲ, ಪಾಪವೂ ಅಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಕೋಲ್ಕತ್ತಾದ ಇನ್ನೊಂದು ಪ್ರಯೋಗ. ಸಾಲ ಕೊಟ್ಟ ಎರಡೇ ವಾರಕ್ಕೆ ಕಂತು ಶುರುವಾಗುವುದು ಮಾಮೂಲು. ಅಲ್ಲಿ ಕೆಲವರಿಗೆ ಎರಡು ತಿಂಗಳು ಬಿಡುವು ಕೊಟ್ಟು ನೋಡಿದರು. ಅಷ್ಟೇ ದುಡ್ಡು. ಬದಲಾದದ್ದು ಮೊದಲ ಕಂತಿನ ದಿನ ಮಾತ್ರ. ಬಿಡುವು ಸಿಕ್ಕವರು ವ್ಯಾಪಾರಕ್ಕೆ ಹೆಚ್ಚು ಬಂಡವಾಳ ಹಾಕಿದರು. ಮೂರು ವರ್ಷದ ಮೇಲೆ ನೋಡಿದರೆ ಅವರ ಲಾಭವೂ ಹೆಚ್ಚು. ಯೋಚನೆ ಮಾಡಿ. ಎರಡೇ ವಾರಕ್ಕೆ ಕಂತು ಕಟ್ಟಬೇಕು ಅಂದರೆ ಯಾರು ಹೊಲಿಗೆ ಮೆಷಿನ್ನಿಗೆ ದುಡ್ಡು ಹಾಕುತ್ತಾರೆ? ಮೊದಲ ಕಂತಿಗೆ ಅಂತ ಸಾಲದಲ್ಲೇ ಒಂದಿಷ್ಟು ಎತ್ತಿಟ್ಟುಕೊಳ್ಳುತ್ತಾರೆ. ಹಾಗಂತ ಬಿಡುವೇ ಮದ್ದು ಅಂತಲೂ ಅಲ್ಲ. ಆ ಗುಂಪಿನಲ್ಲಿ ಸಾಲ ತೀರಿಸದವರೂ ಜಾಸ್ತಿಯಾದರು. ಹಾಗಾಗಿಯೇ ಸಾಲ ಕೊಡುವ ಸಂಸ್ಥೆಗಳು ಬಿಡುವು ಅಂದರೆ ಹಿಂಜರಿಯುತ್ತವೆ. ಇಂಥ ನಷ್ಟ ತಡೆದುಕೊಳ್ಳಲೆಂದೇ ದಾನದ ದುಡ್ಡು ಬೇಕಾಗಿರುವುದು.

ಹಾಗಾಗಿ 25 ಡಾಲರ್ ಹಾಕುವ ಮುಂಚೆ ಫೋಟೋದ ನಗು ನೋಡಿದರೆ ಸಾಲದು. ನಡುವಿನ ಸಂಸ್ಥೆ ಎಷ್ಟು ಬಡ್ಡಿ ತೆಗೆದುಕೊಳ್ಳುತ್ತದೆ, ಮೊದಲ ಕಂತು ಯಾವಾಗ, ಒಂದು ವಾರ ಮೀನು ಮಾರಾಟವಾಗದಿದ್ದರೆ ಆಕೆಯ ಗತಿಯೇನು, ಇಷ್ಟು ಕೇಳಿ. ನೂರಕ್ಕೆ ತೊಂಬತ್ತೈದು ಸಾಲ ವಾಪಸ್ ಬರುತ್ತದೆ ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದರೆ, ಹೇಗೆ ಬಂತು ಅಂತಲೂ ಕೇಳಿ. ಸುಮ್ನೆ ಬರುವುದಿಲ್ಲ.

ಟೊರೊರೊದಿಂದ ಗಡಿ ದಾಟಿದರೆ ಆ ಕಡೆ ಕೀನ್ಯಾದ ಬುಂಗೋಮ. ಒನ್ ಏಕರ್ ಫಂಡ್ ಎಂಬ ಸೇವಾ ಸಂಸ್ಥೆ 2006ರಲ್ಲಿ ಹುಟ್ಟಿದ್ದು ಅಲ್ಲೇ. ರೈತರಿಗೆ ಅವರು ಬೀಜ, ಗೊಬ್ಬರ ಸಾಲವಾಗಿ ಕೊಡುತ್ತಾರೆ. ವಾರದ ಕಂತಿನ ಕಟ್ಟುಪಾಡಿಲ್ಲ. ಗಡುವಿನೊಳಗೆ ಕೈಯಲ್ಲಿ ದುಡ್ಡು ಆಡಿದಾಗ ಆದಷ್ಟು ಕಟ್ಟಿದರಾಯಿತು. ಅದೇ ಸೀಮೆಯಲ್ಲಿ ಇನ್ನೊಂದು ಪ್ರಯೋಗವನ್ನೂ ಮಾಡಿದರು. ಅಲ್ಲಿನ ರೈತರಿಗೆ ಕೊಯ್ಲಾದ ಕೂಡಲೇ ದುಡ್ಡಿನ ತುರ್ತು, ಮಕ್ಕಳ ಶಾಲೆ ಫೀಸು ಕಟ್ಟಬೇಕು. ಮೆಕ್ಕೆಜೋಳವನ್ನು ಅಗ್ಗಕ್ಕೆ ಮಾರಿಬಿಡುತ್ತಾರೆ. ಕೆಲವು ತಿಂಗಳ ಮೇಲೆ ತಾವೇ ದುಬಾರಿ ಬೆಲೆಗೆ ಜೋಳ ಕೊಂಡು ತಿನ್ನುತ್ತಾರೆ. ಸರಿ, ಕೊಯ್ಲಿನ ಹೊತ್ತಿಗೇ ಸಾಲ ಕೊಟ್ಟು ನೋಡೋಣ ಅಂದರು. ಫೀಸಿಗೆ ಸಾಲ ಬಂತು, ಜೋಳ ಮನೆಯಲ್ಲೇ ಉಳಿಯಿತು, ಬೆಲೆ ಏರಿದಾಗ ಮಾರಿ ಸಾಲ ತೀರಿಸಿದರು. ಲಾಭವೂ ಬಂತು.

ಇನ್ನೂ ಒಂದು ಆಯಿತು. ಒಂದೇ ಕಡೆ ತುಂಬಾ ಜನ ಸಾಲ ತೆಗೆದುಕೊಂಡು ಜೋಳ ಹಿಡಿದಿಟ್ಟಾಗ, ಕೊಯ್ಲಿನ ಹೊತ್ತಿಗೆ ಸಂತೆಯಲ್ಲಿ ಬೆಲೆ ಮೊದಲಿನಷ್ಟು ಬೀಳಲಿಲ್ಲ, ಆಮೇಲೆ ಮೊದಲಿನಷ್ಟು ಏರಲೂ ಇಲ್ಲ. ಸಾಲ ತೆಗೆದುಕೊಂಡವರ ಲಾಭ ಸ್ವಲ್ಪ ತಗ್ಗಿತು. ಸಾಲದ ಗೋಜಿಗೇ ಹೋಗದ ನೆರೆಹೊರೆಯವರಿಗೆ ಸಂತೆಯ ಬೆಲೆಯೇ ಅನುಕೂಲ ಮಾಡಿಕೊಟ್ಟಿತು. ಅವರ ಫೋಟೋವನ್ನು ಮಾತ್ರ ಯಾರೂ ಇಂಟರ್ನೆಟ್ಟಿನಲ್ಲಿ ಹಾಕಲಿಲ್ಲ.

ನಮಸ್ಕಾರ.