ಮೊದಲು ಪಾದ ನೋಡಿ

ಕೇಳುಗರಿಗೆ ನಮಸ್ಕಾರ. ಕಲ್ಲು, ಕೊರಕಲು, ಮುಳ್ಳುಪೊದೆ ತುಂಬಿದ ಬೆಟ್ಟದಲ್ಲಿ ಕಾಡುಹಂದಿ ಬೇಟೆಗೆ ಎಂಥ ಮಿಶ್ರತಳಿ ನಾಯಿ ಆರಿಸಬೇಕು ಅಂತ ಹೇಳಿ ಎಂದು ರೇಡಿಯೊದವರು ಕರೆದಿದ್ದಾರೆ. ಹತ್ತು ನಿಮಿಷ ಕೊಟ್ಟಿದ್ದಾರೆ. ನನಗೆ ಹೇಳಬೇಕಾದ್ದು ಎರಡೇ ಪದ. ಪಾದ ನೋಡಿ. ಉಳಿದ ಒಂಬತ್ತು ನಿಮಿಷ ಅದನ್ನೇ ಬೇರೆ ಬೇರೆ ಥರ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಶುರು ಮಾಡುವ ಮೊದಲು ಒಂದು ಮಾತು. ಕಾನೂನು ಬೇಟೆಗೆ ಅನುಮತಿ ಕೊಟ್ಟಿರುವ ಜಾಗದ ಮಾತು ಇದು. ಕೊಡದ ಕಡೆ ನಾಯಿ ಬಿಟ್ಟುಕೊಂಡು ಕಾಡಿಗೆ ನುಗ್ಗುವವರಿಗೆ ನನ್ನ ಹತ್ತಿರ ಯಾವ ಸಲಹೆಯೂ ಇಲ್ಲ.

ಸಿಕ್ಕವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಸಾರ್, ಯಾವ ಬ್ರೀಡ್ ತಗೊಳ್ಳಲಿ?" ಬ್ರೀಡಿನ ಹೆಸರು ಬೆಟ್ಟ ಹತ್ತುತ್ತದಾ? ಬೆಟ್ಟ ಹತ್ತುವುದು ಕಾಲು.

ಆದರೂ ಮಿಶ್ರತಳಿ ಯಾಕೆ ಅನ್ನುವುದನ್ನು ಹೇಳಿಬಿಡುತ್ತೇನೆ. ಜಾಡು ಹಿಡಿಯುವ ಹೌಂಡ್ ನಾಯಿಗೆ ಮೂಗು ಚುರುಕು. ಆದರೆ ವಾಸನೆ ಸಿಕ್ಕಿದರೆ ನಿಮ್ಮ ಕೂಗು ಅದಕ್ಕೆ ಕೇಳುವುದಿಲ್ಲ, ಮೂರು ಗುಡ್ಡ ದಾಟಿ ಹೋಗಿರುತ್ತದೆ. ಗ್ರೇಹೌಂಡಿಗೆ ಓಟ ಉಂಟು, ಆದರೆ ಚರ್ಮ ತೆಳು. ಒಂದು ಮುಳ್ಳುಬೇಲಿ ಸಾಕು ಹರಿಯಲು. ಬುಲ್ ಟೆರಿಯರ್ ಜಾತಿಯವಕ್ಕೆ ಎದೆಗಾರಿಕೆ ಬೇಕಾದಷ್ಟಿದೆ, ಅದೇ ತೊಂದರೆ. ನೇರ ಹಂದಿಯ ಮುಖಕ್ಕೆ ಹೋಗಿ ಕೋರೆಗೆ ಹೊಟ್ಟೆ ಕೊಡುತ್ತವೆ. ಕುರಿ ಕಾಯುವ ಕಾಲಿ ಎಂಬ ತಳಿಯ ನಾಯಿಗೆ ಬುದ್ಧಿ ಇದೆ, ಮಾತು ಕೇಳುತ್ತದೆ. ಹಾಗಾಗಿಯೇ ಇಂಗ್ಲೆಂಡಿನವರು ಗ್ರೇಹೌಂಡಿಗೆ ಕಾಲಿಯನ್ನೋ ಟೆರಿಯರನ್ನೋ ಕೂಡಿಸಿ ಲರ್ಚರ್ ಮಾಡಿಕೊಂಡರು. ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಹಂದಿ ಬೇಟೆಗಾರರು ಬುಲ್ ಜಾತಿ, ಗ್ರೇಹೌಂಡ್, ಜಾಡಿನ ಹೌಂಡ್ ಎಲ್ಲವನ್ನೂ ಬೆರೆಸುತ್ತಾರೆ. ಅವರ ನಾಯಿಗಳನ್ನು ಶುದ್ಧ ತಳಿಯ ಪ್ರದರ್ಶನಕ್ಕೆ ಸೇರಿಸುವುದಿಲ್ಲ. ಅವರಿಗೂ ಅದು ಬೇಕಾಗಿಲ್ಲ.

ಇಲ್ಲಿ ಒಂದು ಲೆಕ್ಕ ನೆನಪಿಡಿ. ಎರಡು ಶುದ್ಧ ತಳಿ ಕೂಡಿದರೆ ಹುಟ್ಟುವ ಮೊದಲ ತಲೆಮಾರಿನ ಮರಿಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಆ ಮಿಶ್ರ ಮರಿಗಳನ್ನೇ ಒಂದಕ್ಕೊಂದು ಕೂಡಿಸಿದಿರೋ, ಮುಂದಿನ ತಲೆಮಾರು ಲಾಟರಿ. ಒಂದು ಅಜ್ಜನ ಹಾಗೆ, ಒಂದು ಅಜ್ಜಿಯ ಹಾಗೆ, ಇನ್ನೊಂದು ಯಾರ ಹಾಗೂ ಇಲ್ಲ. ಅಮೆರಿಕದ ಬಾರ್ ಹಾರ್ಬರ್‌ನ ಪ್ರಯೋಗಾಲಯದಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಬಸೆಂಜಿ ಮತ್ತು ಕಾಕರ್ ಸ್ಪೇನಿಯಲ್ ನಾಯಿಗಳನ್ನು ಕೂಡಿಸಿ ವರ್ಷಗಟ್ಟಲೆ ಇದನ್ನೇ ನೋಡಿದರು. 1965ರಲ್ಲಿ ಬರೆದಿಟ್ಟರು. ಆದ್ದರಿಂದ ಮಾರುವವನು "ಅಪ್ಪ ಅಮ್ಮ ಇಬ್ಬರೂ ಫಸ್ಟ್ ಕ್ಲಾಸ್ ಮಿಶ್ರತಳಿ" ಅಂದರೆ ಹಿಗ್ಗಬೇಡಿ. ಅಪ್ಪ ಅಮ್ಮನ ಪಾದ ನೋಡಿ.

ಈಗ ನನ್ನ ಕಥೆ. ಇದನ್ನು ಹೇಳದೆ ನಾನು ಯಾವತ್ತೂ ಮಾತು ಮುಗಿಸಿಲ್ಲ.

ಆಗ ನನ್ನ ಹತ್ತಿರ ಎರಡು ನಾಯಿ ಇದ್ದವು. ಒಂದು ಗಂಡು, 38 ಕಿಲೋ. ಅಗಲ ಎದೆ, ಎಣ್ಣೆ ಹಚ್ಚಿದ ಹಾಗೆ ಮಿಂಚುವ ಮೈ. ನೋಡಿದವರೆಲ್ಲ ನಿಂತು ನೋಡುತ್ತಿದ್ದರು, ನಾನೂ ಅದಕ್ಕೇ ದುಡ್ಡು ಕೊಟ್ಟಿದ್ದೆ. ಇನ್ನೊಂದು ಹೆಣ್ಣು, 22 ಕಿಲೋ. ಒಂದು ಕಿವಿ ಹರಿದಿತ್ತು, ಬಣ್ಣ ಬೂದಿ ಮೆತ್ತಿದಂತೆ. ಅದರ ತಾಯಿ ಕುರಿ ಹಿಂದೆ ಅಲೆಯುತ್ತಿದ್ದ ನಾಯಿ. ಬಿಟ್ಟಿಯಾಗಿ ಬಂದಿತ್ತು. ಅವತ್ತು ಗಂಡೊಂದನ್ನೇ ಕರಕೊಂಡು ಹೋಗೋಣ ಅಂದುಕೊಂಡಿದ್ದೆ. ಈ ಹೆಣ್ಣು ಗಾಡಿ ಬಿಟ್ಟು ಇಳಿಯಲಿಲ್ಲ, ಸುಮ್ನೆ ಬರಲಿ ಅಂತ ಬಿಟ್ಟೆ.

ಬೆಳಕು ಹರಿಯುವ ಮೊದಲೇ ಹೊರಟೆವು. ಮೊದಲ ಒಂದು ಗಂಟೆ ದೊಡ್ಡದು ಮುಂದೆ, ನಾವೆಲ್ಲ ಹಿಂದೆ. ಆಮೇಲೆ ಚಪ್ಪಡಿ ಒಡೆದು ಚೂರಾಗಿ ಜಾರುವ ಇಳಿಜಾರು ಬಂತು. ಕಾಲಿಟ್ಟರೆ ಹೆಂಚಿನ ಚೂರಿನ ಮೇಲೆ ನಡೆದ ಹಾಗೆ ಸದ್ದು. ಹತ್ತು ಗಂಟೆಗೆ ದೊಡ್ಡದು ನನ್ನ ಪಕ್ಕ ಬಂತು. ಸ್ವಲ್ಪ ಹೊತ್ತಿಗೆ ನನ್ನ ಹಿಂದೆ. ಆಮೇಲೆ ಕೂತೇಬಿಟ್ಟಿತು. ನಾನು ಗದರಿದೆ. ಎದ್ದು ನಾಲ್ಕು ಹೆಜ್ಜೆ ಬಂದು ಮತ್ತೆ ಕೂತಿತು. ಇನ್ನೊಂದು ಸಲ ಗದರಿದೆ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನಾಚಿಕೆ ಆಗುತ್ತದೆ. ಆಮೇಲಷ್ಟೇ ಬಗ್ಗಿ ಮುಂಗಾಲು ಎತ್ತಿ ನೋಡಿದೆ. ಬೆರಳುಗಳು ಬೀಸಣಿಗೆ ಬಿಡಿಸಿದ ಹಾಗೆ ಅಗಲ. ಸಂದಿಯಲ್ಲಿ ಕಲ್ಲಿನ ಹರಳು ಕಚ್ಚಿಕೊಂಡಿವೆ. ಅಂಗಾಲಿನ ಮೆತ್ತೆಯ ಮೇಲ್ಪದರ ನಾಣ್ಯದಗಲ ಎದ್ದು ಒಂದು ಅಂಚಿನಲ್ಲಿ ಜೋತಾಡುತ್ತಿದೆ. ಅಡಿಯಲ್ಲಿ ಹಸಿ ಮಾಂಸ. ನಾಯಿ ನನ್ನ ಕೈ ನೆಕ್ಕಿತು.

ಅದೇ ಹೊತ್ತಿಗೆ ಕೆಳಗಿನ ಕೊರಕಲಿನಿಂದ ಹೆಣ್ಣಿನ ಬೊಗಳು ಕೇಳಿಸಿತು. ಬೇಟೆಯವರಿಗೆ ಆ ಬೊಗಳು ಗೊತ್ತು. ಓಡುತ್ತಾ ಬೊಗಳುವುದೇ ಬೇರೆ, ಇದು ನಿಂತಲ್ಲೇ ನಿಂತು, ಒಂದೇ ಅಳತೆಯಲ್ಲಿ ಬೊಗಳುವುದು. ಹಂದಿಯನ್ನು ತಡೆದು ನಿಲ್ಲಿಸಿದೆ ಅಂತ ಅರ್ಥ. ಬಂದೂಕು ನನ್ನ ಕೈಯಲ್ಲಿದೆ. ಹಂದಿ ಅಲ್ಲಿದೆ. ನನ್ನ ಹೆಗಲ ಮೇಲೆ 38 ಕಿಲೋ ನಾಯಿ! ಇಳಿಯುವ ಹೊತ್ತಿಗೆ ಮಧ್ಯಾಹ್ನ ನಾಲ್ಕು. ಹೆಣ್ಣು ಎರಡು ಗಂಟೆ ನನಗಾಗಿ ಹಂದಿ ಹಿಡಿದು ನಿಲ್ಲಿಸಿತ್ತು. ನಾನು ಹೋಗಲೇ ಇಲ್ಲ. ಕೊನೆಗೆ ಬೇಸತ್ತು ಕತ್ತಲಾದ ಮೇಲೆ ಗಾಡಿ ಹತ್ತಿರ ಬಂತು. ಮೈಮೇಲೆ ಒಂದು ಗೀರಿಲ್ಲ. ಟಾರ್ಚ್ ಹಾಕಿ ಪಾದ ನೋಡಿದೆ. ಮುಷ್ಟಿ ಹಿಡಿದ ಹಾಗೆ ಬಿಗಿ. ಸಂದಿಯಲ್ಲಿ ಒಂದು ಹರಳಿಲ್ಲ. ಅಂಗಾಲು ಹಳೇ ಚಪ್ಪಲಿಯ ಅಟ್ಟೆಯ ಥರ ದಪ್ಪ, ಒರಟು. ಮರುದಿನ ಬೆಳಿಗ್ಗೆ ಬಾಲ ಅಲ್ಲಾಡಿಸಿಕೊಂಡು ಗಾಡಿ ಪಕ್ಕ ನಿಂತಿತ್ತು. ದೊಡ್ಡದು ಮೂರು ವಾರ ನೆಟ್ಟಗೆ ನಡೆಯಲಿಲ್ಲ.

ಸರಿ, ಪಾದ ನೋಡುವುದು ಹೇಗೆ? ನಾಯಿಯನ್ನು ಒದ್ದೆ ನೆಲದಲ್ಲಿ ನಡೆಸಿ, ಆಮೇಲೆ ಒಣ ಸಿಮೆಂಟಿನ ಮೇಲೆ ಬಿಡಿ. ಗುರುತು ಬೀಳುತ್ತದೆ. ಬೆರಳುಗಳು ಒತ್ತೊತ್ತಾಗಿ, ದುಂಡಗೆ ಬಿದ್ದರೆ ಅದು ಬೆಕ್ಕಿನ ಪಾದ. ಕಲ್ಲಿನ ನೆಲಕ್ಕೆ ಅದು ಬೇಕು. ನಡುವಿನ ಎರಡು ಬೆರಳು ಉದ್ದ ಬಿದ್ದರೆ ಮೊಲದ ಪಾದ, ಬಯಲಿನ ಓಟಕ್ಕೆ ಒಳ್ಳೆಯದು. ಬಿಗಿಯಾಗಿದ್ದರೆ ಬೆಟ್ಟಕ್ಕೂ ಪರವಾಗಿಲ್ಲ. ಬೆರಳುಗಳ ನಡುವೆ ನಿಮ್ಮ ಕಿರುಬೆರಳು ಹೋಗುವಷ್ಟು ಜಾಗ ಕಂಡರೆ ನಾಯಿಯನ್ನು ಮುದ್ದು ಮಾಡಿ, ಬಿಟ್ಟು ಬನ್ನಿ. ಆಮೇಲೆ ಮಣಿಕಟ್ಟು ನೋಡಿ, ಅಂದರೆ ಮುಂಗಾಲಿನ ಗಂಟಿನಿಂದ ಪಾದದವರೆಗಿನ ಭಾಗ. ಸ್ವಲ್ಪ ಓರೆ ಇರಬೇಕು, ಸ್ಪ್ರಿಂಗಿನ ಕೆಲಸ ಮಾಡುವುದು ಅದೇ. ಕಂಬದ ಹಾಗೆ ನೆಟ್ಟಗಿದ್ದರೆ ಇಳಿಜಾರಿನ ಏಟೆಲ್ಲ ಭುಜಕ್ಕೆ ಹೋಗುತ್ತದೆ.

"ಮೂಗು ಬೇಡವಾ, ಧೈರ್ಯ ಬೇಡವಾ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಬೇಕು ಸ್ವಾಮಿ. ತಾಯಿ ಕೆಲಸ ಮಾಡುವುದನ್ನು ಒಂದು ದಿನ ನೋಡಿದರೆ ಮೂಗು ಗೊತ್ತಾಗುತ್ತದೆ. ಧೈರ್ಯ ಜಾಸ್ತಿ ಇರುವ ನಾಯಿ ಬಹಳ ದಿನ ಬದುಕುವುದಿಲ್ಲ. ದೂರ ನಿಂತು ಬೊಗಳಿ ತಡೆಯುವ ನಾಯಿ ಹುಡುಕಿ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಬೇಗ ಹೇಳುತ್ತೇನೆ. ಅಪ್ಪ ಅಮ್ಮ ಇಬ್ಬರಿಗೂ ಮರ್ಲ್ ಎಂಬ ಚಿಂದಿ ಚಿಂದಿ ಬಣ್ಣ ಇದ್ದರೆ ಆ ಸೂಲಿನ ಮರಿ ಬೇಡ, ಕಿವುಡು ಕುರುಡು ಬರಬಹುದು. ದೊಡ್ಡ ಮೈಯ ನಾಯಿಯನ್ನು ಒಂದು, ಒಂದೂವರೆ ವರ್ಷದವರೆಗೆ ಬೆಟ್ಟದಲ್ಲಿ ದಣಿಸಬೇಡಿ, ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ನಾಯಿ ಬೆವರುವುದು ಅಂಗಾಲಿನಲ್ಲಿ ಮಾತ್ರ, ಉಳಿದ ಬಿಸಿಯನ್ನು ಬಹುಪಾಲು ಏದುಸಿರಿನಲ್ಲೇ ಕಳೆಯಬೇಕು. ಮೈ ಬಿಸಿ 41 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜೀವಕ್ಕೇ ಅಪಾಯ. ನಿಮಗಿಂತ ಜಾಸ್ತಿ ನೀರು ಅದಕ್ಕೆ ಹೊತ್ತುಕೊಂಡು ಹೋಗಿ.

ಇನ್ನೊಂದೇ ಒಂದು. ಎರಡು ತಿಂಗಳ ಮರಿಯ ಪಾದ ನೋಡಿ ಏನೂ ಹೇಳಲಾಗುವುದಿಲ್ಲ, ಎಲ್ಲವೂ ಬೆಣ್ಣೆಯ ಥರ ಇರುತ್ತವೆ. ಮಾರುವವನು ಮರಿಯನ್ನು ನಿಮ್ಮ ಕೈಗೆ ಕೊಟ್ಟು ಮುಖ ನೋಡಿ ಅನ್ನುತ್ತಾನೆ. ಮರಿ ವಾಪಸ್ ಕೊಡಿ. ಒಂದು ಬಕೆಟ್ ನೀರು ಕೇಳಿ, ತಾಯಿಯನ್ನು ಕರೆಸಿ. ನಮಸ್ಕಾರ.