ಬಸ್ಸಿಗೆ ಇನ್ನೂ ಊರೆಂದರೆ ಬಂದರು

ಕೇಳುಗರಿಗೆ ನಮಸ್ಕಾರ.

ಈ ಮಾತು ಓದಲಿಕ್ಕೆಂದು ಮಂಗಳೂರಿನ ಕದ್ರಿಗುಡ್ಡದ ಆಕಾಶವಾಣಿಗೆ ನಾನು ಬಂದದ್ದು ಸಿಟಿ ಬಸ್ಸಿನಲ್ಲಿ. ಮನೆ ರಥಬೀದಿಯ ಹತ್ತಿರ. ಅಲ್ಲಿಂದ ಹಂಪನಕಟ್ಟೆಗೆ ನಡೆದು ಬಂದು, ಬಸ್ಸಿಗೆ ಕೈ ತೋರಿಸಿದೆ, ನಿಂತಿತು. "ಜ್ಯೋತಿ, ಬಂಟ್ಸ್ ಹಾಸ್ಟೆಲ್, ಮಲ್ಲಿಕಟ್ಟೆ, ಕದ್ರಿ" ಅಂತ ಒಂದೇ ಉಸಿರಿನಲ್ಲಿ ಹೇಳಿದ ಕಂಡಕ್ಟರ್, ಹತ್ತಿದ ಕೂಡಲೇ "ದುಂಬು ಪೋಲೆ ಅಕ್ಕ, ದುಂಬು ಪೋಲೆ" ಅಂತ ಮುಂದೆ ಕಳಿಸಿದ. ಹತ್ತರ ನೋಟು, ಇಪ್ಪತ್ತರ ನೋಟು, ಐವತ್ತರ ನೋಟು, ಒಂದೊಂದನ್ನೂ ಉದ್ದಕ್ಕೆ ಮಡಚಿ ಬೆರಳ ಸಂದಿಗೆ ಸಿಕ್ಕಿಸಿಕೊಂಡಿದ್ದ. ಅದೇ ಕೈಯಲ್ಲಿ ಟಿಕೆಟ್, ಇನ್ನೊಂದರಲ್ಲಿ ಕಂಬಿ, ಬಾಯಲ್ಲಿ ಸೀಟಿ. ಇಷ್ಟು ವರ್ಷ ಬ್ಯಾಂಕಿನಲ್ಲಿ ಹಣ ಎಣಿಸಿದ ನನಗೆ ಆ ವಿದ್ಯೆ ಬರುವುದಿಲ್ಲ.

ಬಸ್ಸಿನ ಪ್ರಯಾಣ ಸಲೀಸಾಗಿಯೇ ಆಯಿತು. ಕಷ್ಟವಾದದ್ದು ಮನೆಯಿಂದ ಬಸ್ಸಿನವರೆಗೆ. ನಮ್ಮ ಓಣಿ ದಾಟಿದ ಮೇಲೆ ಚರಂಡಿಯ ಮೇಲೆ ಹಾಸಿದ ಚಪ್ಪಡಿಗಳೇ ಫುಟ್‌ಪಾತು. ಅದರಲ್ಲೊಂದು ಚಪ್ಪಡಿ ಉಂಟು, ಒಂದು ಮೂಲೆ ಮೇಲೆ, ಇನ್ನೊಂದು ಮೂಲೆ ಕೆಳಗೆ. ಬೇಸಿಗೆಯಲ್ಲಿ ಸುಮ್ಮನೆ ಟಕ್ ಅನ್ನುತ್ತದೆ. ಮಳೆಗಾಲದಲ್ಲಿ ಕಾಲಿಟ್ಟರೆ ಅಡಿಯಲ್ಲಿ ನಿಂತ ನೀರು ಪಿಚಕಾರಿಯಂತೆ ಹಾರಿ ನೇರ ಸೀರೆಯ ನೆರಿಗೆಗೆ. ಅದು ಯಾವುದು ಅಂತ ನನಗೆ ಗೊತ್ತು, ದಾಟಿ ಹೋಗುತ್ತೇನೆ. ಗೊತ್ತಿಲ್ಲದವರು ರಸ್ತೆಗೆ ಇಳಿಯುತ್ತಾರೆ. ರಸ್ತೆ ನಮ್ಮಲ್ಲಿ ಬಹಳ ಚೆನ್ನಾಗಿ ಆಗಿದೆ ಮಾರಾಯ್ರೆ, ಕಾಂಕ್ರೀಟು. ಅದಕ್ಕೇ ವಾಹನಗಳಿಗೂ ವೇಗ ಬಂದಿದೆ.

ಈಗ ಸ್ಟೇಟ್‌ಬ್ಯಾಂಕಿನ ವಿಷಯ. ಹೊರಗಿನಿಂದ ಬಂದವರು ನಮ್ಮ ಬಸ್ಸುಗಳ ಬೋರ್ಡಿನಲ್ಲಿ ಆ ಹೆಸರು ನೋಡಿ, ಇಷ್ಟು ಜನ ದಿನಾ ಬ್ಯಾಂಕಿಗೆ ಯಾಕೆ ಹೋಗುತ್ತಾರೆ ಅಂತ ಕೇಳುವುದುಂಟು. ಬ್ಯಾಂಕಿನ ಎದುರಿಗೆ ಬಸ್ಸು ನಿಲ್ಲುತ್ತಿತ್ತು, ಜಾಗಕ್ಕೇ ಆ ಹೆಸರಾಯಿತು. ನಾನು ದುಡಿದದ್ದು ಬೇರೆ ಬ್ಯಾಂಕಿನಲ್ಲಿ. ಅದರ ಹೆಸರು ಯಾವ ಬಸ್ಸಿನ ಹಣೆಯ ಮೇಲೂ ಬರಲಿಲ್ಲ ಅಂತ ಒಂದು ಸಣ್ಣ ಹೊಟ್ಟೆಕಿಚ್ಚು ಈಗಲೂ ಉಂಟು.

ಉಳ್ಳಾಲದ ನಲವತ್ತನಾಲ್ಕು ನಂಬರಿನ ಬಸ್ಸಿರಲಿ, ಸುರತ್ಕಲ್ಲಿನದ್ದಿರಲಿ, ಕೊಣಾಜೆ ಕಡೆಯದ್ದಿರಲಿ, ಹೆಚ್ಚಿನ ಸಿಟಿ ಬಸ್ಸುಗಳು ಹೊರಡುವುದೂ ಇಲ್ಲಿಂದ, ತಿರುಗಿ ಬರುವುದೂ ಇಲ್ಲಿಗೆ. ಪಕ್ಕದಲ್ಲೇ ಹಳೆ ಬಂದರು, ಹತ್ತು ಹೆಜ್ಜೆಗೆ ಮೀನಿನ ದೋಣಿಗಳ ದಕ್ಕೆ, ಆಚೆ ಕಚೇರಿಗಳು, ಈಚೆ 1907ರಲ್ಲಿ ಬಂದ ರೈಲು ನಿಲ್ದಾಣ. ಊರಿನ ಕೆಲಸವೆಲ್ಲ ಇಲ್ಲಿಯೇ ಇದ್ದ ಕಾಲದಲ್ಲಿ ಬಸ್ಸು ಬೇರೆಲ್ಲಿಗೆ ಹೋಗಬೇಕಿತ್ತು?

ಆಮೇಲೆ ಊರು ಒಂದೊಂದಾಗಿ ಗಂಟು ಕಟ್ಟಿಕೊಂಡು ಹೊರಟಿತು. 1960ರಲ್ಲಿ ಉತ್ತರದ ಸುರತ್ಕಲ್ಲಿಗೆ ಇಂಜಿನಿಯರಿಂಗ್ ಕಾಲೇಜು ಬಂತು. 1975ರಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ಉದ್ಘಾಟನೆಯಾಯಿತು, ಅದರ ಬೆನ್ನಿಗೆ ಕಾರ್ಖಾನೆಗಳು. 1980ರಲ್ಲಿ ಕೊಣಾಜೆಯ ಗುಡ್ಡದ ಮೇಲೆ ವಿಶ್ವವಿದ್ಯಾನಿಲಯ. ಮತ್ತೆ ದಕ್ಷಿಣಕ್ಕೆ ದೇರಳಕಟ್ಟೆಯಲ್ಲಿ ಒಂದರ ಹಿಂದೊಂದು ಮೆಡಿಕಲ್ ಕಾಲೇಜು, ಆಸ್ಪತ್ರೆ. ಪಶ್ಚಿಮಕ್ಕೆ ಸಮುದ್ರ, ಉತ್ತರಕ್ಕೆ ಫಲ್ಗುಣಿ, ದಕ್ಷಿಣಕ್ಕೆ ನೇತ್ರಾವತಿ. ನಡುವೆ ಗುಡ್ಡೆ, ಪದವು, ಬೈಲು. ಸುತ್ತಲೂ ಸಮವಾಗಿ ಹರಡಲು ಜಾಗವಿಲ್ಲದೆ ಊರು ಹೆದ್ದಾರಿ ಹಿಡಿದು ಲಾಡಿಯ ಹಾಗೆ ಉದ್ದಕ್ಕೆ ಬೆಳೆಯಿತು. ಬಸ್ಸಿಗೆ ಮಾತ್ರ ಇನ್ನೂ ಊರೆಂದರೆ ಬಂದರು.

ನಮ್ಮ ಪಕ್ಕದ ಮನೆಯಲ್ಲಿ ಬೆಳೆದ ಹುಡುಗಿಯೊಬ್ಬಳು ದೇರಳಕಟ್ಟೆಯ ಆಸ್ಪತ್ರೆಯೊಂದರಲ್ಲಿ ನರ್ಸು. ಮದುವೆಯಾಗಿ ಸುರತ್ಕಲ್ಲಿಗೆ ಹೋದಳು. ಹೆದ್ದಾರಿಯಲ್ಲೇ ಹೋದರೆ ಕೂಳೂರು, ಕೊಟ್ಟಾರ ಚೌಕಿ, ನಂತೂರು, ಪಂಪ್‌ವೆಲ್, ತೊಕ್ಕೊಟ್ಟು. ಸುಮಾರು ಇಪ್ಪತ್ತೈದು ಕಿಲೋಮೀಟರ್. ಆದರೆ ಅವಳು ಹತ್ತುವ ಬಸ್ಸು ಕೊಟ್ಟಾರದಲ್ಲಿ ಹೆದ್ದಾರಿ ಬಿಟ್ಟು ಲಾಲ್‌ಬಾಗ್ ದಾರಿಯಾಗಿ ಪೇಟೆಯ ಹೊಟ್ಟೆಗೆ ಇಳಿಯುತ್ತದೆ. ಅಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು, ಕಂಕನಾಡಿ ಏರಿ, ಪಂಪ್‌ವೆಲ್‌ನಲ್ಲಿ ಮತ್ತೆ ಅದೇ ಹೆದ್ದಾರಿಗೆ. "ಆಂಟಿ, ಎಂಕ್ ಸ್ಟೇಟ್‌ಬ್ಯಾಂಕ್‌ಡ್ ದಾಲಾ ಬೇಲೆ ಇಜ್ಜಿ" ಅನ್ನುತ್ತಾಳೆ. ಅಲ್ಲಿ ಅವಳಿಗೇನೂ ಕೆಲಸವಿಲ್ಲ. ಆದರೂ ದಿನಕ್ಕೆರಡು ಸಲ ಅಲ್ಲಿಗೆ ಹಾಜರಿ ಹಾಕಲೇಬೇಕು. ಒಂದು ವರ್ಷ ಹೀಗೆ ಓಡಾಡಿ, ಸ್ಕೂಟರ್ ತೆಗೆದುಕೊಂಡಳು. ಈಗ ಮಳೆಯಲ್ಲಿ, ಟ್ಯಾಂಕರು ಲಾರಿಗಳ ನಡುವೆ ಹೋಗುತ್ತಾಳೆ. ಅವಳು ತಲುಪಿ ಫೋನು ಮಾಡುವವರೆಗೆ ತಾಯಿಗೆ ಬೆಳಗಿನ ಚಹಾ ಗಂಟಲಿಗಿಳಿಯುವುದಿಲ್ಲ.

ಇದಕ್ಕೆ ಬಸ್ಸಿನವರನ್ನು ಬೈದು ಪ್ರಯೋಜನವಿಲ್ಲ. ನಮ್ಮ ಖಾಸಗಿ ಬಸ್ಸು ದೊಡ್ಡ ಆಸ್ತಿ, ಅದನ್ನು ಹೇಳಲೇಬೇಕು. ಮೈಸೂರು ಸಂಸ್ಥಾನದಲ್ಲಿ 1948ರಲ್ಲಿ ಸರಕಾರವೇ ಸಾರಿಗೆ ಇಲಾಖೆ ಮಾಡಿ ಬಸ್ಸು ಓಡಿಸಲು ತೊಡಗಿತು. ನಾವಾಗ ಮದ್ರಾಸಿನ ಕೈಕೆಳಗೆ, 1956ರವರೆಗೂ. ಇಲ್ಲಿ ಖಾಸಗಿಯವರೇ ಉಳಿದರು, ಉಳಿದು ಬೆಳೆದರು. ಬೇರೆ ಊರಿನಲ್ಲಿ ಅರ್ಧ ಗಂಟೆ ಕಾಯುವ ಜಾಗದಲ್ಲಿ ಇಲ್ಲಿ ಒಂದರ ಬಾಲಕ್ಕೆ ಇನ್ನೊಂದು ಬಸ್ಸು ಬರುತ್ತದೆ. ಆದರೆ ಪ್ರತಿ ಬಸ್ಸಿಗೂ ಪರ್ಮಿಟ್ ಬೇರೆ, ಟೈಮಿಂಗ್ ಬೇರೆ, ಧಣಿ ಬೇರೆ. ಸಂಜೆ ಲೆಕ್ಕ ಕೇಳುವುದು ಕಲೆಕ್ಷನ್ನಿನದ್ದು. ಆದ ಕಾರಣ ಜನ ತುಂಬಿದ ಹಳೆ ದಾರಿಯಲ್ಲೇ ಎಲ್ಲರೂ ಓಡುತ್ತಾರೆ. ಊರು ಎಲ್ಲಿಗೆ ಹೋಗಿದೆ ಅಂತ ನೋಡಿ ಹೊಸ ದಾರಿ ಬರೆಯಬೇಕಾದದ್ದು ಪರ್ಮಿಟ್ ಕೊಡುವ ಮೇಜಿನ ಮೇಲೆ.

ಇದರಲ್ಲಿ ಒಂದು ತಮಾಷೆ ನೋಡಿ. 2023ರ ಜೂನ್‌ನಿಂದ ಹೆಂಗಸರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಬಿಜೈಯ ಸರಕಾರಿ ನಿಲ್ದಾಣದಲ್ಲಿ ಬಸ್ಸು ಹತ್ತಿ ಬೆಂಗಳೂರಿನವರೆಗೆ ನಾನು ಒಂದು ಕಾಸು ಕೊಡದೆ ಹೋಗಬಹುದು. ಹಂಪನಕಟ್ಟೆಯಿಂದ ಕದ್ರಿಗೆ ಬರಲು ಮಾತ್ರ ಖಾಸಗಿ ಬಸ್ಸಿಗೆ ದುಡ್ಡು ಕೊಡಬೇಕು. ದೂರದ ಊರು ಹತ್ತಿರವಾಯಿತು, ಹತ್ತಿರದ್ದು ಇದ್ದಲ್ಲೇ ಉಳಿಯಿತು.

ಮತ್ತೊಂದು ಸಂಗತಿ ನನ್ನ ತಲೆಯಲ್ಲಿ ಯಾವಾಗಲೂ ಕೊರೆಯುತ್ತದೆ. ಆ ನರ್ಸು ಹುಡುಗಿಗೆ ಬೇಕಾದ ದಾರಿ ಆಗಲೇ ಹಾಕಿಟ್ಟಿದೆ, ಕಬ್ಬಿಣದಲ್ಲಿ. ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಸುರತ್ಕಲ್, ತೋಕೂರು, ಪಡೀಲಿನ ಹತ್ತಿರ ಜಂಕ್ಷನ್, ಅಲ್ಲಿಂದ ನೇತ್ರಾವತಿಯ ಸೇತುವೆ ದಾಟಿದರೆ ಉಳ್ಳಾಲ. ಪೇಟೆಯನ್ನು ಮುಟ್ಟದೆ ಹೊರಗಿನಿಂದ ಬಳಸಿ ಹೋಗುವ ಹಳಿ! ಅದರ ಮೇಲೆ ಮುಂಬಯಿಯ ಗಾಡಿ, ಕೇರಳದ ಗಾಡಿ ಹೋಗುತ್ತವೆ. ಬೆಳಗ್ಗೆ ನಾಲ್ಕು, ಸಂಜೆ ನಾಲ್ಕು ಪುಟ್ಟ ಗಾಡಿಗಳು ಸುರತ್ಕಲ್ಲಿನಿಂದ ಉಳ್ಳಾಲಕ್ಕೆ ಓಡಿ, ನಿಲ್ದಾಣದ ಬಾಯಲ್ಲಿ ದೇರಳಕಟ್ಟೆಗೆ ಬಸ್ಸು ನಿಂತಿದ್ದರೆ? ಹೇಳುವುದು ಸುಲಭ, ಗೊತ್ತು. ಪಂಪ್‌ವೆಲ್‌ನಲ್ಲಿ ಬಸ್ ನಿಲ್ದಾಣ ಆಗುತ್ತದೆ ಅನ್ನುವ ಮಾತನ್ನು ನಾನು ತಲೆಗೂದಲು ಕಪ್ಪಿದ್ದಾಗಿನಿಂದ ಕೇಳುತ್ತಿದ್ದೇನೆ. ಅಲ್ಲಿನ ಮೇಲ್ಸೇತುವೆಯೇ ವರ್ಷಗಟ್ಟಲೆ ಎಳೆದು, 2020ರ ಜನವರಿಯಲ್ಲಿ ತೆರೆಯಿತು.

ನನ್ನ ಮಗನ ಫ್ಲಾಟು ಸುರತ್ಕಲ್ ಹತ್ತಿರದ ಕುಳಾಯಿಯಲ್ಲಿ. "ಅಮ್ಮಾ, ಆ ಹಳೆ ಮನೆ ಬಿಟ್ಟು ಇಲ್ಲಿಗೆ ಬಾ, ಲಿಫ್ಟ್ ಉಂಟು, ಗಾಳಿ ಉಂಟು" ಅನ್ನುತ್ತಾನೆ. ಎರಡೂ ಉಂಟು, ಸುಳ್ಳಲ್ಲ. ಆದರೆ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆ ಕಾರು ತೆಗೆಯಬೇಕು. ನನ್ನ ಮನೆಯಿಂದ ಹೂವು, ಔಷಧಿ, ದರ್ಜಿ, ದೇವಸ್ಥಾನ, ಒಣಮೀನು, ಎಲ್ಲ ಹತ್ತು ನಿಮಿಷದ ನಡಿಗೆ.

ನಮ್ಮ ಬೀದಿಗಳೂ ಮೊದಲಿನ ಹಾಗಿಲ್ಲ. ಭವಂತಿ ಸ್ಟ್ರೀಟಿನಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಅನ್ನುವುದು ಕ್ರಮವಾಗಿತ್ತು. ಈಗ ಎಷ್ಟೋ ಕಡೆ ಮೇಲೆ ಗೋದಾಮು. ಅಂಗಡಿಯ ಷಟರು ಎಳೆದ ಮೇಲೆ ಬೀದಿಯಲ್ಲಿ ನಾನು, ಎರಡು ಬೆಕ್ಕು, ಒಬ್ಬ ಕಾವಲುಗಾರ. ಸಂಜೆ ಜನ ಇಲ್ಲ ಅಂತ ಬಸ್ಸಿನವರು ಟ್ರಿಪ್ ಕಟ್ ಮಾಡುತ್ತಾರೆ. ಬಸ್ಸು ಇಲ್ಲ ಅಂತ ಜನ ಪೇಟೆಗೆ ಬರುವುದಿಲ್ಲ. ನಾಟಕ ನೋಡಲು ಪುರಭವನಕ್ಕೆ ಹೋದವರು ಕೊನೆಯ ದೃಶ್ಯಕ್ಕೆ ಮೊದಲೇ ಬ್ಯಾಗು ಹುಡುಕಿಕೊಳ್ಳುವುದನ್ನು ನಾನು ನೋಡಿದ್ದೇನೆ. ನಾಯಕ ಸತ್ತನೋ ಉಳಿದನೋ, ಮರುದಿನ ನನಗೆ ಫೋನು ಮಾಡಿ ಕೇಳುತ್ತಾರೆ.

ರಥಸಪ್ತಮಿಯ ಕೊಡಿಯಾಲ ತೇರಿನ ದಿನ ಮಾತ್ರ ಬೇರೆ. ಅಂದು ರಥಬೀದಿಗೆ ವಾಹನ ಬಿಡುವುದಿಲ್ಲ. ಕದ್ರಿ, ಬಿಜೈಯ ಫ್ಲಾಟುಗಳಿಗೆ ಹೋದವರೆಲ್ಲ ಮಕ್ಕಳನ್ನು ಕಟ್ಟಿಕೊಂಡು ಬಂದು, ಹಳೆ ಮನೆಗಳ ಮೇಲಿನ ಕಿಟಕಿ ತೆರೆಯುತ್ತಾರೆ. ಕಳೆದ ಸಲ ನನ್ನ ಮೊಮ್ಮಗಳು ಬೀದಿಯ ಮಧ್ಯದಲ್ಲಿ ನಿಂತು, "ಅಜ್ಜಿ, ಇವತ್ತು ಇಲ್ಲಿ ಓಡಬಹುದಾ?" ಅಂತ ಕೇಳಿದಳು. ಓಡು ಅಂದೆ. ಇಡೀ ರಾತ್ರಿ ಓಡಿದಳು.

ನನಗೀಗ ಗುಡ್ಡೆ ಇಳಿದು ಕದ್ರಿಯಲ್ಲಿ ಬಸ್ಸಿಗೆ ನಿಲ್ಲಬೇಕು. ಗಂಟೆ ಏಳೂವರೆ ಆಗುತ್ತಾ ಬಂತು, ಎಂಟರ ಮೇಲೆ ಬಸ್ಸು ತೆಳುವಾಗುತ್ತದೆ. ನಮಸ್ಕಾರ.